ಶುಕ್ರವಾರ ಊಟದ ನಂತರ

ಮಾರ್ಚ್ 10, ಸೋಮವಾರ

ಇವತ್ತೂ ಆಫೀಸಿಗೆ ತಡ. ನಾನು ತಿನ್ನಿಸಲು ಹೋದರೆ ಹಾಸಿಗೆ ಹಿಡಿದ ಅಮ್ಮನ ತುಟಿ ಬಿಗಿ. ಗುಬ್ಬಿ ಬಂದು, "ಏನಮ್ಮಾ, ಕೋಪ ನನ್ಮೇಲಾ, ಊಟದ ಮೇಲಾ?" ಎಂದಳು. ತಕ್ಷಣ ಬಾಯಿ ತೆರೆಯಿತು. ಹೆತ್ತ ಮಗಳಿಗಿಂತ ಹೊರದೇಶದ ಹೋಮ್ ನರ್ಸ್ ಹೆಚ್ಚು! ಹೊಟ್ಟೆ ಉರಿಯಬೇಕಿತ್ತು... ನೆಮ್ಮದಿಯೇ ಆಗುತ್ತದೆ. ಗುಬ್ಬಿ ಅಂತ ಹೆಸರಿಟ್ಟವಳೂ ಅಮ್ಮನೇ. ಒಂದು ಗಳಿಗೆ ಬಾಯಿ ಮುಚ್ಚುವುದಿಲ್ಲ, ಅದಕ್ಕೆ.

ನಮ್ಮ ಪಾರ್ಲಿಮೆಂಟ್ ಆಫೀಸಿನಲ್ಲಿ ಕಲಾಪದ ಕೊನೆಯ ವಾರ. ಆಮೇಲೆ ಚುನಾವಣೆ. ಈ ವಾರ ಪಾಸಾಗದ ಮಸೂದೆ ಸತ್ತಂತೆ. ವಲಸೆ ಮಸೂದೆ ಇನ್ನೂ ಬಾಕಿ. ಈಗ ಗುಬ್ಬಿಯಂಥವರ ಪರ್ಮಿಟ್ ಒಂದೇ ಮನೆಗೆ ಕಟ್ಟಿಹಾಕಿದ್ದು. ಕೆಲಸ ಬಿಟ್ಟರೆ ದೇಶವನ್ನೂ ಬಿಡಬೇಕು. ಪಾಸಾದರೆ ಗುಬ್ಬಿ ಊರಿನಲ್ಲಿ ಬಿಟ್ಟುಬಂದ ಮಗಳನ್ನು ಕರೆಸಿಕೊಳ್ಳಬಹುದು. ಇಷ್ಟ ಬಂದ ಕಡೆ ಕೆಲಸಕ್ಕೂ ಸೇರಬಹುದು.

"ಅಕ್ಕಾ, ನಮ್ಮ ಮಸೂದೆ ಯಾವತ್ತು ಬರುತ್ತೆ?" ಗುಬ್ಬಿ ಕೇಳಿದಳು.

"ನನ್ನ ಕೈಲಿಲ್ಲಮ್ಮಾ" ಎಂದೆ. ಸದ್ಯಕ್ಕೆ ಅದು ನಿಜವೇ.

ಮಾರ್ಚ್ 11, ಮಂಗಳವಾರ

ಕಾರ್ಯದರ್ಶಿಗಳು ಕರೆದರು. "ವಲಸೆ ಮಸೂದೆಗೆ ಎಲ್ಲರೂ ಒಪ್ಪಿದ್ದಾರೆ. ಗುರುವಾರ ಬೆಳಿಗ್ಗೆನೋ, ಶುಕ್ರವಾರ ಊಟ ಆದ್ಮೇಲೋ, ಎಲ್ಲಿ ಕೂರುತ್ತೋ ಅಲ್ಲಿ ಕೂರಿಸಿ. ಕಲಾಪದ ಪಟ್ಟಿ ಮಾಡೋದು ನಿಮಗೆ ನಾನು ಹೇಳಿಕೊಡಬೇಕಾ?"

ಬೇಡ. ಕೊನೆಯ ಶುಕ್ರವಾರ ಊಟದ ನಂತರ ಸದನದಲ್ಲಿ ಕುರ್ಚಿಗಳಿರುತ್ತವೆ, ಸದಸ್ಯರಿರುವುದಿಲ್ಲ. ಸೂಟ್‌ಕೇಸ್ ಕಾರಿನಲ್ಲಿ, ಮನಸ್ಸು ಕ್ಷೇತ್ರದಲ್ಲಿ. ಇದು ಆಫೀಸಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪರ್ಮಿಟ್ ಬಿಡುಗಡೆಯಾದರೆ ಯಾವ ಆಸ್ಪತ್ರೆಯಾದರೂ ಗುಬ್ಬಿಯನ್ನು ಕೈ ಬೀಸಿ ಕರೆಯುತ್ತದೆ. ಆಮೇಲೆ ಅಮ್ಮ? ನಾನು?

ಗುರುವಾರಕ್ಕೆ ಹಡಗು ಬಂದರುಗಳ ಮಸೂದೆ ಹಾಕಿದೆ. ವಲಸೆ — ಶುಕ್ರವಾರ, ಎಲ್ಲದರ ಕೊನೆಗೆ. ಸಹಿ ಮಾಡಿ ಕಳಿಸಿದೆ. ಯಾರೂ ಒಂದು ಮಾತು ಕೇಳಲಿಲ್ಲ. ಅಷ್ಟು ನಂಬಿಕೆ ನನ್ನ ಮೇಲೆ. ಥೂ.

ಮಾರ್ಚ್ 12, ಬುಧವಾರ

ಪಟ್ಟಿ ವೆಬ್‌ಸೈಟಿಗೆ ಬಂತು. ಗುಬ್ಬಿಯ ಕಾಲು ನೆಲದ ಮೇಲಿರಲಿಲ್ಲ. "ಶುಕ್ರವಾರ! ನೀವೇ ಹಾಕಿಸಿದ್ರಲ್ವಾ ಅಕ್ಕಾ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಡಿಸಿಕೊಂಡು ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತೆ.

ಸಂಜೆಯೊಳಗೆ ಅದಲುಬದಲು ಮಾಡಬಹುದಿತ್ತು. ಒಂದು ಫೋನ್ ಸಾಕಿತ್ತು. ಎತ್ತಿದೆ... ಇಟ್ಟೆ.

ಮಾರ್ಚ್ 14, ಶುಕ್ರವಾರ

ಸದಸ್ಯರ ಸಂಖ್ಯೆ ಸಾಲದೆ ಕೋರಂ ಗಂಟೆ ಹೊಡೆಯಿತು. ನಿಂತಿತು. ಮತ್ತೆ ಹೊಡೆಯಿತು. ಕ್ಯಾಂಟೀನಿನಿಂದ ನಾಲ್ಕಾರು ಜನ ಬಾಯಿ ಒರೆಸಿಕೊಳ್ಳುತ್ತ ಬಂದರು. ಸಾಲಲಿಲ್ಲ. ಸ್ಪೀಕರ್ ನನ್ನತ್ತ ನೋಡಿದರು, ನಾನು ಕಾಗದ ನೋಡಿದೆ. ಚರ್ಚೆ ಶುರುವೇ ಆಗಲಿಲ್ಲ. ಸದನ ಮುಗಿಯಿತು. ಮಸೂದೆಯೂ.

"ಪಾಪ, ನಿಮ್ಮ ತಪ್ಪೇನಿದೆ ಬಿಡಿ" ಎಂದರು ಕಾರ್ಯದರ್ಶಿಗಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚ್ 16, ಭಾನುವಾರ

ಶುಕ್ರವಾರದಿಂದ ಗುಬ್ಬಿ ಮಾತು ಬಿಟ್ಟಿದ್ದಾಳೆ. ಮನೆ ಬಿಕೋ ಎನ್ನುತ್ತಿತ್ತು. ಅಮ್ಮನ ತಲೆ ಬಾಚುತ್ತಿದ್ದವಳನ್ನು ನಾನೇ ಕೆದಕಿದೆ. "ಪಾಸಾಗಿದ್ರೆ ಆಸ್ಪತ್ರೆ ಕೆಲಸಕ್ಕೆ ಸೇರ್ತಿದ್ದೆಯೇನೋ?"

"ಅಮ್ಮನ್ನ ಬಿಟ್ಟು ನಾನೆಲ್ಲಿ ಹೋಗ್ಲಿ ಅಕ್ಕಾ? ಮಗಳು ಬಂದ್ರೆ ಆ ಸಾಮಾನಿನ ಕೋಣೇಲಿ ಇಟ್ಕೊಳ್ಳಲಾ ಅಂತ ನಿಮ್ಮನ್ನ ಕೇಳಬೇಕು ಅಂತಿದ್ದೆ. ಕೇಳೋಕೆ ಸಂಕೋಚ ಆಯ್ತು."

ಅಷ್ಟರಲ್ಲಿ ಗುಬ್ಬಿಗೆ ಅವಳ ಊರಿಂದ ಫೋನ್. ಮಗಳು ನನ್ನ ಹತ್ತಿರವೇ ಮಾತಾಡಬೇಕಂತೆ.

"ದೊಡ್ಡಮ್ಮಾ, ಮತ್ತೆ ಯಾವತ್ತು ಹಾಕ್ತೀರಾ?"

ನೋಡೋಣ ಪುಟ್ಟಾ ಎಂದೆ. ಫೋನ್ ಗುಬ್ಬಿಯ ಕೈಗಿಟ್ಟು ಬಂದು ಈ ಡೈರಿ ತೆಗೆದೆ.

ಗುಬ್ಬಿ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಳೆ. ಈಗಲೇ ಹೋಗಿ ಹೇಳಿಬಿಡಬೇಕು. ಮೊದಲು ಇಲ್ಲಿ ಬರೆದುಕೊಂಡರೆ ಬಾಯಿಗೆ ಸುಲಭವಾಗಬಹುದು —

ಗುಬ್ಬೀ, ಆ ಮಸೂದೇನ ಶುಕ್ರವಾರಕ್ಕೆ ಹಾಕಿದ್ದು