ಒಂದನೇ ಟ್ಯೂಬು

ಮಾರ್ಚ್ 3, ಬೆಳಿಗ್ಗೆ 11

ಇವತ್ತೂ ಕೊಲ್ಲುವ ಕೆಲಸ. ಎಂಟು ತಟ್ಟೆ, ಎಂಟು ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು. ಮೇಲಿನ ಮಹಡಿಯಲ್ಲಿ ಅವರ ನರಕ್ಕೆ ಹರಿಸುವ ಕೀಮೊ ಔಷಧವನ್ನೇ ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಪಿಪೆಟ್‌ನಲ್ಲಿ ಹನಿಸುತ್ತೇನೆ. ಎರಡು ದಿನದಲ್ಲಿ ಬಹುಪಾಲು ಸಾಯುತ್ತವೆ. ಸಾಯದೆ ಉಳಿದವು ನನ್ನ ಪಾಲಿಗೆ. ಅವುಗಳೊಳಗೆ ಯಾವ ಜೀನ್ ಎದ್ದಿದೆ, ಯಾವುದು ಮಲಗಿದೆ ನೋಡಬೇಕು. ಮುಖ್ಯವಾಗಿ ಒಂದು — ‘ಪಂಪ್’ ಅನ್ನುತ್ತೇವೆ. ಅದು ಎದ್ದಿತೋ, ಕೋಶ ಔಷಧವನ್ನೆಲ್ಲ ಹೊರಗೆ ಉಗಿಯುತ್ತದೆ. ಆ ಮನುಷ್ಯನಿಗೆ ಬೇರೆ ಔಷಧ ಕೊಡಬೇಕು.

ತಟ್ಟೆಗಳ ಮೇಲೆ ಹೆಸರಿಲ್ಲ. 41ರಿಂದ 48. ಯಾರದು ಯಾವುದು ನನಗೆ ತಿಳಿಯಬಾರದು, ನಿಯಮ. ಆದರೆ 41ರ ಸೀಸೆಯನ್ನು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಇಸಿದುಕೊಂಡವಳು ನಾನೇ. ಆ ಹೊತ್ತಿಗೆ ಒಳಗಿದ್ದವನು ಒಬ್ಬನೇ. ನನ್ನಪ್ಪ.

41ಕ್ಕೆ ಹನಿಸುವಾಗ “ಸಾಯ್ರಿ” ಅಂದೆ. ಜೋರಾಗಿಯೇ ಅಂದೆ. ಪಕ್ಕದ ಮೇಜಿನವಳು ನಕ್ಕಳು, ತಮಾಷೆ ಅಂದುಕೊಂಡು.

ಮಾರ್ಚ್ 4, ಮಧ್ಯಾಹ್ನ

ಅಪ್ಪನ ಮೂರನೇ ಡೋಸು. ಕೀಮೊ ರೂಮಿನಲ್ಲಿ ಎಂಟು ಕುರ್ಚಿ, ಎಂಟು ಡ್ರಿಪ್ಪು. ಅಮ್ಮ ನೀರು ಕುಡಿಸುವಾಗ ಎರಡು ಹನಿ ಅವನ ಅಂಗಿಗೆ ಬಿತ್ತು. ಅಷ್ಟೇ. ಕೈ ಎತ್ತಿದ. ಅಷ್ಟು ಜನರ ಎದುರಿಗೆ.

ಪಕ್ಕದ ಕುರ್ಚಿಯ ಬಸ್ ಡ್ರೈವರ್ ಎದ್ದೇಬಿಟ್ಟರು. ಡ್ರಿಪ್ ಸಮೇತ. ಅಪ್ಪನ ಮಣಿಕಟ್ಟು ಹಿಡಿದು ತಿರುಚಿದರು. ಸೂಜಿ ಕಿತ್ತುಬಂದು ಅವರ ಕೈಯಿಂದ ರಕ್ತ ನೆಲಕ್ಕೆಲ್ಲ.

“ಯಜಮಾನ್ರೇ, ಮೂವತ್ತು ವರ್ಷ ಸ್ಟೀರಿಂಗ್ ತಿರುಗಿಸಿದ ಕೈ ಇದು. ನಿಮ್ಮ ಮೂಳೆ ಏನ್ ಮಹಾ. ಆಯಮ್ಮನ್ನ ಇನ್ನೊಂದ್ಸಲ ಮುಟ್ಟಿ ನೋಡಿ.”

ಅಪ್ಪ ಬೆಕ್ಕಿನ ಮರಿಯ ಹಾಗೆ ಕೂತ. ನಾನು ಡ್ರೈವರ್ ಕೈಗೆ ಹತ್ತಿ ಒತ್ತಿ ಹಿಡಿದೆ. “ಅಳಬೇಡ ತಂಗಿ,” ಅಂದರು ಡ್ರೈವರಣ್ಣ, “ಹೇಗೂ ರಕ್ತ ಪರೀಕ್ಷೆಗೆ ಕೊಡಬೇಕಿತ್ತು. ನರ್ಸಮ್ಮನಿಗೆ ಕೆಲಸ ಉಳೀತು.”

ನಲವತ್ತು ವರ್ಷದಲ್ಲಿ ಅಮ್ಮನ ಪರ ಅಡ್ಡ ನಿಂತ ಮೊದಲನೇ ಮನುಷ್ಯ. ನಾನೂ ನಿಂತಿರಲಿಲ್ಲ.

ಮಾರ್ಚ್ 5, ಬೆಳಿಗ್ಗೆ 8

ನಿನ್ನೆ ಆದ ಅವಮಾನಕ್ಕೆ ಮನೆಯಲ್ಲಿ ಸೇಡು. ಕೀಮೊ ಜೊತೆ ಕೊಡುವ ಸ್ಟೀರಾಯ್ಡ್ ಮಾತ್ರೆ ಬೇರೆ ಮೈಗೆ ಏರಿತ್ತು. ಬಚ್ಚಲ ಬಾಗಿಲಿನ ಸಂದಿಗೆ ಅಮ್ಮನ ಕೈಯಿಟ್ಟು ಬಾಗಿಲು ಒದ್ದ. ಕಟಕ್ ಅಂದದ್ದು ಅಡುಗೆಮನೆಗೆ ಕೇಳಿತು.

ಓಡಿದೆ. ಹೊಡೆದೆ. ಕಪಾಳಕ್ಕೆ, ಮತ್ತೆ ಕಪಾಳಕ್ಕೆ, ಬಿದ್ದ ಮೇಲೂ ಹೊಡೆದೆ. ನನ್ನ ಬೆರಳ ಗಂಟು ಅವನ ಹಲ್ಲಿಗೆ ತಾಗಿ ಸೀಳಿತು. ಸುಖವಾಯಿತು. ಬರೆಯುವುದಕ್ಕೇನು ನಾಚಿಕೆ, ಸುಖವಾಯಿತು. ಬಿಡಿಸಿದ್ದು ಯಾರು? ಅಮ್ಮ. ಮುರಿದ ಕೈಯಲ್ಲೇ ನನ್ನ ಜಡೆ ಹಿಡಿದು ಎಳೆದಳು. “ಕಾಯಿಲೆಯವರು ಕಣೇ, ಸತ್ತೋಗ್ತಾರೆ ಕಣೇ.”

ಸಾಯಲಿ ಅಂತಲೇ ತಾನೇ.

ಮಾರ್ಚ್ 5, ಮಧ್ಯಾಹ್ನ 3

ಅಮ್ಮನಿಗೆ ಪ್ಲಾಸ್ಟರ್ ಹಾಕಿಸಿ ನೇರ ಲ್ಯಾಬಿಗೆ. ನನ್ನ ಕೈ ಊದಿಕೊಂಡಿದೆ, ಗ್ಲೌಸ್ ಏರುವುದಿಲ್ಲ. ಆದರೂ ಜೀನ್ ಅಳೆಯುವ ಯಂತ್ರದಲ್ಲಿ ಓಡಿಸಿದೆ. ಒಂದಕ್ಕೊಂದು ಕೂಡಿದ ಎಂಟು ಟ್ಯೂಬಿನ ಒಂದು ಪಟ್ಟಿ ಔಷಧ ಕಾಣದ ಕೋಶಗಳದ್ದು, ಇನ್ನೊಂದು ಔಷಧ ಕಂಡು ಬದುಕಿದವುಗಳದ್ದು. ಒಂದನೇ ಟ್ಯೂಬು 41, ಎಂಟನೆಯದು 48.

ಗೆರೆಗಳು ಪರದೆಯ ಮೇಲೆ ಬಂದವು. ಔಷಧ ಕಂಡ ಪಟ್ಟಿಯಲ್ಲಿ ಏಳು ಟ್ಯೂಬಿನ ಪಂಪ್ ತೆಪ್ಪಗೆ ಮಲಗಿದೆ. ಒಂದನೆಯದು ಮೂವತ್ತು ಪಟ್ಟು ಎದ್ದಿದೆ.

ಅಪ್ಪನಿಗೆ ಔಷಧ ನಾಟುತ್ತಿಲ್ಲ.

ಯಾವುದೇ ಟ್ಯೂಬು ಏರಿ ಬಂದರೆ ಆ ದಿನವೇ ಹೊಸ ಪಟ್ಟಿ ಮಾಡಿ ಮತ್ತೊಮ್ಮೆ ಓಡಿಸಿ, ಖಚಿತವಾದರೆ ಔಷಧ ಬದಲಿಸಬೇಕು. ಇವರಿಗೆಲ್ಲ ಕೀಮೊ ಕೊಡಿಸುವ ಡಾಕ್ಟರ್ ಮೇಡಂ ಇದರಲ್ಲಿ ಬಲು ಕಟ್ಟುನಿಟ್ಟು. ನಾನು ಮತ್ತೆ ಓಡಿಸಲಿಲ್ಲ. ಗೆರೆಯನ್ನು ಅಳಿಸಿದೆ. ‘ಎಂಟೂ ಸರಿ’ ಅಂತ ರಿಪೋರ್ಟ್ ಕಳಿಸಿದೆ.

ಅಷ್ಟೇ. ಕೈ ಎತ್ತದೆ ಹೊಡೆದ ಹಾಗೆ. ಇನ್ನು ಮೂರು ವಾರಕ್ಕೊಮ್ಮೆ ಅವನಿಗೆ ಬರೀ ವಾಂತಿ ಬರಿಸುವ ನೀರು.

ಮಾರ್ಚ್ 14

ಎರಡು ರೊಟ್ಟಿ ತಿನ್ನುತ್ತಿದ್ದವನು ನಾಲ್ಕು ತಿನ್ನುತ್ತಿದ್ದಾನೆ. ಕೋಲು ಬಿಟ್ಟು ನಡೆಯುತ್ತಾನೆ. ಆ ಕೋಲು ಈಗ ಬೇರೆ ಕೆಲಸಕ್ಕೆ. ನಿನ್ನೆ ಅಮ್ಮನ ಬೆನ್ನಿಗೆ, ಇವತ್ತು ನನ್ನ ಮೊಣಕಾಲಿಗೆ. ಕಿತ್ತುಕೊಂಡು ಮುರಿದು ಬೀದಿಗೆ ಎಸೆದೆ.

ಆರುವ ದೀಪ, ಇರಲಿ ಬಿಡು… ಎಷ್ಟು ದಿನ.

ಮಾರ್ಚ್ 25

ನಾಲ್ಕನೇ ಡೋಸು. ಡ್ರೈವರಣ್ಣ ಗೋಡೆ ಹಿಡಿದು ಬಂದರು. ಸೊಂಟ ನೋವಂತೆ. “ಗೇರ್ ಬೀಳ್ತಿಲ್ಲ ತಂಗಿ, ಕ್ಲಚ್ ಹೋಗಿದೆ,” ಅಂದು ನಕ್ಕರು. ಅಮ್ಮನ ಪ್ಲಾಸ್ಟರ್ ಕಂಡದ್ದೇ ನಗು ನಿಂತಿತು. ಅಪ್ಪನತ್ತ ನೋಡಿದರು. ಎದ್ದು ಬರಲು ನೋಡಿದರು. ಆಗಲಿಲ್ಲ.

ಅಪ್ಪ ಅದನ್ನು ಕಂಡ. ಹಲ್ಲು ಕಿರಿದ.

ಏಪ್ರಿಲ್ 1, ಬೆಳಿಗ್ಗೆ 10

ಮೇಡಂ ಲ್ಯಾಬಿಗೇ ಇಳಿದು ಬಂದರು.

“ನಲವತ್ತೆಂಟರ ರಕ್ತದಲ್ಲಿ ಕ್ಯಾನ್ಸರಿನ ಅಂಕಿ ನಾಲ್ಕು ಪಟ್ಟು ಏರಿದೆ ಕಣಮ್ಮ. ಪಾಪ, ಆ ಬಸ್ ಡ್ರೈವರು. ಔಷಧ ನಾಟುತ್ತೆ ಅಂತಲೇ ಅಲ್ವಾ ನೀನು ಕೊಟ್ಟಿದ್ದು? ಇನ್ನೊಂದ್ಸಲ ಓಡಿಸು.” ಬಾಗಿಲ ಹತ್ತಿರ ತಿರುಗಿ, “ನಿಮ್ಮಪ್ಪಂದು ಮಾತ್ರ ಎಷ್ಟು ಚೆನ್ನಾಗಿ ಇಳೀತಿದೆ ನೋಡು, ಖುಷಿಪಡು,” ಅಂದರು.

ಇಳಿಯುವುದು ಹೇಗೆ?

ಅದೇ ದಿನ, ಮಧ್ಯಾಹ್ನ 2

ಫ್ರೀಜರಿನಿಂದ ಅವತ್ತಿನ ಪಟ್ಟಿಗಳನ್ನೇ ತೆಗೆದೆ. ಎಂಟು ಟ್ಯೂಬಿನ ಪಟ್ಟಿಗೆ ತಲೆ ಯಾವುದು ಬಾಲ ಯಾವುದು ತಿಳಿಯುವುದಿಲ್ಲ, ಎರಡು ತುದಿಯೂ ಒಂದೇ. ಅದಕ್ಕೇ ಒಂದನೇ ಟ್ಯೂಬಿನ ಮುಚ್ಚಳಕ್ಕೆ ಪೆನ್ನಿನಲ್ಲಿ ಚುಕ್ಕಿ ಇಡುತ್ತೇವೆ. ಮೊದಲ ದಿನವೇ ಕಲಿಸುವ ಪಾಠ. ಔಷಧ ಕಂಡ ಪಟ್ಟಿಗೆ ಚುಕ್ಕಿಯೇ ಇಲ್ಲ. ಅವತ್ತು, ಆ ಊದಿದ ಕೈಯಲ್ಲಿ, ಹಾಕಿಲ್ಲ.

ಅವತ್ತು ತಟ್ಟೆಗಳಿಂದ ತೆಗೆದು ಫ್ರೀಜರಿನಲ್ಲಿ ಉಳಿಸಿದ್ದನ್ನು ಹೊಸ ಪಟ್ಟಿಗೆ ಹಾಕಿ, ಚುಕ್ಕಿ ಇಟ್ಟು ಓಡಿಸಿದೆ. ಒಂದನೆಯದು ಮಲಗಿದೆ. ಎಂಟನೆಯದು ಮೂವತ್ತು ಪಟ್ಟು.

ಉಲ್ಟಾ ಹಾಕಿದ್ದೆ. ಎದ್ದದ್ದು ಡ್ರೈವರಣ್ಣನ ಜೀನ್. ಅವತ್ತೇ ಮತ್ತೊಮ್ಮೆ ಓಡಿಸಿದ್ದರೆ ಸಂಜೆಯೊಳಗೆ ಗೊತ್ತಾಗುತ್ತಿತ್ತು. ನಾನು ಓಡಿಸಲಿಲ್ಲ. ಅಪ್ಪ ಸಾಯಲಿ ಅಂತ ಓಡಿಸಲಿಲ್ಲ.

ಶೌಚಾಲಯಕ್ಕೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡೆ. ಹಣೆ ಒಡೆಯಿತು. ಒಡೆದರೆ ಯಾರಿಗೇನು ಲಾಭ.

ಏಪ್ರಿಲ್ 2, ಬೆಳಿಗ್ಗೆ 9

ಡ್ರೈವರಣ್ಣನ ಕಾಲೆರಡೂ ಬಿದ್ದುಹೋಗಿವೆ. ಬೆನ್ನುಮೂಳೆಯಲ್ಲಿ ಗಡ್ಡೆ ಒತ್ತಿದೆ. ಇವತ್ತಿನಿಂದ ಬೇರೆ ಔಷಧ. ಕಾಲು ವಾಪಸ್ ಬರುವುದಿಲ್ಲ ಅಂದರು ಮೇಡಂ. ಮನುಷ್ಯ ಉಳಿಯುವುದೂ ಕಷ್ಟ.

ಪಟ್ಟಿ ಉಲ್ಟಾ ಆಯಿತು ಅಂತ ಹೇಳಿದೆ. ಅಷ್ಟನ್ನೇ ಹೇಳಿದೆ, ಹೇಡಿ. ಮೇಡಂ ಕಣ್ಣು ಮುಚ್ಚಿ ಕೂತರು. “ಯಾರಿಂದಲೂ ಆಗೋ ತಪ್ಪು,” ಅಂದರು. ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಆ ಕೈ ನಿಧಾನಕ್ಕೆ ತೆಗೆದರು.

“ಉಲ್ಟಾ ಹಾಕಿದ್ರೆ ಒಂದನೇ ಟ್ಯೂಬು ಏರಿ ಬರಬೇಕಿತ್ತಲ್ಲ. ‘ಎಂಟೂ ಸರಿ’ ಅಂತ ಹೇಗೆ ಬರೆದೆ?”

“ಗೆರೆ ಅಳಿಸಿದೆ,” ಅಂದೆ.

“ಒಂದನೇದು ಯಾರದು ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಬಯ್ಯುತ್ತಾರೆ, ಹೊಡೆಯುತ್ತಾರೆ ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. “ನಾನು ಮೇಲಿನವರಿಗೆ ಬರೀತೀನಿ,” ಅಂದರು. “ಅದಕ್ಕೆ ಮೊದಲು ಆ ಡ್ರೈವರಿಗೆ ನೀನೇ ಹೇಳು. ನನ್ನ ಬಾಯಿಂದ ಕೇಳೋದು ಬೇಡ.”

ಏಪ್ರಿಲ್ 2, ಸಂಜೆ 4

ವಾರ್ಡಿನ ಹೊರಗಿನ ಬೆಂಚು. ಒಂದು ಗಂಟೆಯಿಂದ ಕೂತಿದ್ದೇನೆ. ಅಪ್ಪ ಎರಡು ಸಲ ಫೋನ್ ಮಾಡಿದ, ಊಟಕ್ಕೆ ಉಪ್ಪಿಲ್ಲವಂತೆ. ಹಿಂದೆ ಅಮ್ಮ ಅಳುವುದು ಕೇಳಿಸಿತು. ಅವನು ಬದುಕುತ್ತಾನೆ, ಇನ್ನೂ ಎಷ್ಟೋ ವರ್ಷ, ಗಟ್ಟಿಯಾಗಿ.

ಡ್ರೈವರಣ್ಣನ ಹೆಂಡತಿ ಈಗ ಹೊರಗೆ ಬಂದರು. ನನ್ನ ಹಣೆ ನೋಡಿದರು. “ಅಯ್ಯೋ, ನಿಮಗೂ ಹೊಡೆದ್ರಾ ನಿಮ್ಮಪ್ಪ? ಇವರು ಬೆಳಿಗ್ಗೆಯಿಂದ ಅದೇ ಹೇಳ್ತಿದಾರೆ, ಕಾಲು ಸರಿಹೋದ ತಕ್ಷಣ ಆ ಮನುಷ್ಯನ್ನ ವಿಚಾರಿಸ್ಕೊಳ್ತೀನಿ ಅಂತ. ಬನ್ನಿ ಒಳಗೆ, ಎಚ್ಚರ ಇದಾರೆ.”

ಕಾಲು ಸರಿಹೋದ ತಕ್ಷಣ. ಅವರಿಗೆ ಅದನ್ನೂ ಇನ್ನೂ ಹೇಳಿಲ್ಲ ಹಾಗಾದರೆ.

ಹೇಗೆ ಶುರು ಮಾಡಲಿ… ಅಣ್ಣ, ಅವತ್ತು ನಿಮ್ಮ ಔಷಧ ಬದಲಿಸಬೇಕಿತ್ತು, ನಾನು