ಮಂತ್ರಶಾಲೆಯಲ್ಲಿ ಕಳೆದ ದನಿ

ಸ್ಕಾರ್‌ಬೆಕ್, ಯಾರ್ಕ್‌ಶೈರ್
ಮಂಗಳವಾರ, ೧೪ ಮೇ ೨೦೨೪

ಪ್ರೀತಿಯ ಬ್ರಯನಿ,

ಹೇಗಿದ್ದೀಯ? ಆ ಕೆಮ್ಮು ಪೂರ್ತಿ ಹೋಯಿತೋ, ಇನ್ನೂ ಎದೆಯಲ್ಲಿ ಗೊರಗೊರ ಅನ್ನುತ್ತಿದೆಯೋ? ಹೋದ ಸಲ ನೀನು ಕಳಿಸಿದ ಕಾರ್ಡಿನಲ್ಲಿ ಆ ದ್ವೀಪದ ಹಕ್ಕಿಗಳ ಕ್ಷೇಮಸಮಾಚಾರವೆಲ್ಲ ಇತ್ತು. ಯಾವುದು ಮೊಟ್ಟೆ ಇಟ್ಟಿತು, ಯಾವುದು ಇನ್ನೂ ಸಮುದ್ರದಿಂದ ಬಂದಿಲ್ಲ, ಯಾವ ಬಂಡೆಯ ಮೇಲೆ ಎಷ್ಟು ಗೂಡು, ಎಲ್ಲ. ನಿನ್ನ ಬಗ್ಗೆ ಮಾತ್ರ ಒಂದೇ ಪದ, ‘ಪರವಾಗಿಲ್ಲ’. ಪರವಾಗಿಲ್ಲ ಅಂದರೆ ಏನಂತ ಅಕ್ಕ ತಿಳಿದುಕೊಳ್ಳಬೇಕು? ಬಂಡೆ ಇಳಿಯುವಾಗ ಮೊಣಕಾಲಿಗೆ ಪಟ್ಟಿ ಕಟ್ಟಿಕೋ. ಈ ಕಾಗದದ ಜೊತೆ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ. ಒಂದರ ಹಿಮ್ಮಡಿ ಸ್ವಲ್ಪ ದೊಡ್ಡದಾಗಿದೆ, ಹೆಣೆಯುವಾಗ ರೇಡಿಯೋದಲ್ಲಿ ಮನಸ್ಸಿತ್ತು. ನಿನ್ನ ದೋಣಿ ವಾರಕ್ಕೊಮ್ಮೆಯೇ ಬರುವುದರಿಂದ ಇದು ನಿನ್ನ ಕೈ ಸೇರುವ ಹೊತ್ತಿಗೆ ಅಲ್ಲಿ ಬೇಸಗೆ ಬಂದಿದ್ದರೂ ಬಂದೀತು. ಆದರೂ ಹಾಕಿಕೋ.

ನಾನು ಚೆನ್ನಾಗಿದ್ದೇನೆ. ವಾರದ ದಿನ ಶಾಲೆಯ ಅಡುಗೆಮನೆ, ಶನಿವಾರ ಪೇಟೆಬೀದಿಯ ಟಾಕೀಸಿನಲ್ಲಿ ಟಿಕೆಟ್ಟು ಹರಿಯುವುದು, ಮಧ್ಯಂತರದಲ್ಲಿ ಐಸ್‌ಕ್ರೀಮು ಮಾರುವುದು. ಭಾನುವಾರ ಮಾತ್ರ ಯಾವ ಕೆಲಸವೂ ಇಲ್ಲ, ಅದೇ ಕಷ್ಟ. ಕೀತ್ ಮನೆ ಬಿಟ್ಟುಹೋಗಿ ಮೂರು ವರ್ಷವಾದರೂ ನಾನಿನ್ನೂ ಕೆಟಲಿನಲ್ಲಿ ಇಬ್ಬರಿಗಾಗುವಷ್ಟು ನೀರು ಇಡುತ್ತೇನೆ. ಅಮ್ಮ ಸ್ಪೇನಿನಿಂದ ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಾಳೆ. ಅವಳ ಜೊತೆಗಾರ ಟ್ರೆವರ್ ಈಜುಕೊಳದಲ್ಲಿ ಜಾರಿಬಿದ್ದದ್ದು, ಪಕ್ಕದ ಮನೆಯವರು ನಾಯಿ ಸಾಕಿದ್ದು, ಇಷ್ಟೇ. ಕೊನೆಗೆ ಒಂದೇ ಪ್ರಶ್ನೆ: "ನಮ್ಮ ಬ್ರಯನಿ ನಿಂಗರ ಫೋನ್ ಮಾಡ್ತಾಳೇನ?" ಕಾರ್ಡು ಬರೆಯುತ್ತಾಳೆ ಅನ್ನುತ್ತೇನೆ.

ಈಗ ಸುದ್ದಿಗೆ ಬರುತ್ತೇನೆ. ಮೊನ್ನೆ ಶನಿವಾರ ಮಧ್ಯಾಹ್ನ ನಮ್ಮ ಟಾಕೀಸಿನಲ್ಲಿ ಮಂತ್ರಶಾಲೆಯ ಸಿನಿಮಾ ಹಾಕಿದ್ದರು. ಮೊದಲನೆಯದಲ್ಲ, ಎರಡನೆಯ ಭಾಗ, ನಮ್ಮ ಹಾಳುಮಠದಲ್ಲಿ ಚಿತ್ರೀಕರಣ ಮಾಡಿದ್ದು. ಬಿಡುಗಡೆಯಾಗಿ ಇಪ್ಪತ್ತು ವರ್ಷವಾಯಿತಂತೆ. ಟಾಕೀಸು ನಡೆಸುವ ಮುದುಕ ಸಗ್ಡನ್ ನಿನಗೆ ನೆನಪಿರಬೇಕು, ಕಿವಿಯೊಳಗೆ ಕೂದಲಿದ್ದವನು. ಈಗ ಕಿವಿಯಲ್ಲಿ ಬಿಟ್ಟು ಬೇರೆಲ್ಲೂ ಕೂದಲಿಲ್ಲ. ಅವನೇ ಕಿಟಕಿಗೆ ಕಾಗದ ಅಂಟಿಸಿದ: ಅಂದು ಕಪ್ಪು ನಿಲುವಂಗಿ ಹಾಕಿಕೊಂಡು ಮಂತ್ರಶಾಲೆಯ ಮಕ್ಕಳಾಗಿ ನಟಿಸಿದ ಊರಿನವರೆಲ್ಲ ಬರಬೇಕು, ಟಿಕೆಟ್ಟಿಲ್ಲ. ಅದನ್ನು ನೋಡಿದ್ದೇ ಆ ಶನಿವಾರ ರಜೆ ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ನಿನಗೆ ಆಗ ಹನ್ನೊಂದು, ನನಗೆ ಹದಿನೈದು. ಮೊದಲ ಭಾಗವನ್ನು ಏಳು ಸಲ ನೋಡಿದವಳು ನಾನು. ಆ ಶಾಲೆಯ ಕೊಠಡಿಗಳೆಲ್ಲ ನನಗೆ ಬಾಯಿಪಾಠ. ಬೆಂಡೆದ್ದ ಪೊರಕೆಯ ಕಡ್ಡಿಯಿಂದ ಮಂತ್ರದಂಡ ಮಾಡಿಕೊಂಡು ಹಿತ್ತಲಲ್ಲಿ ಬಟ್ಟೆಹಗ್ಗದ ಕೆಳಗೆ ನಿಂತು ನಿನ್ನನ್ನು ಬೆಕ್ಕು ಮಾಡಲು ನೋಡುತ್ತಿದ್ದೆ. ನೀನು ಸುಮ್ಮನೆ ಆಕಳಿಸುತ್ತಿದ್ದೆ, ನಿನಗೆ ಆ ಸಿನಿಮಾ ಅಷ್ಟಕ್ಕಷ್ಟೇ. ಲಂಡನ್ನಿನಿಂದ ಬಂದ ಹೆಂಗಸು ಚರ್ಚಿನ ಸಭಾಂಗಣದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಾಗ ನಾನು ಮೊದಲನೆಯವಳಾಗಿ ನಿಂತೆ. ಅವಳು ನನ್ನ ಹೆಗಲ ಮೇಲೆ ಕೈಯಿಟ್ಟು "ನೀನು ತುಂಬಾ ಎತ್ತರ ಇದ್ದೀಯಲ್ಲಮ್ಮ" ಅಂದಳು. ಸುಮ್ಮನೆ ನನ್ನ ಜೊತೆ ಬಂದು ಮೂಲೆಯಲ್ಲಿ ಕುಳಿತು ಸೇಬು ತಿನ್ನುತ್ತಿದ್ದ ನಿನ್ನನ್ನು ಬೆರಳು ತೋರಿಸಿ ಕರೆದಳು. ಆಮೇಲೆ ನಾನು ನಿನ್ನ ಕಾವಲಿಗೆ. ಅಮ್ಮನಿಗೆ ಚಿಪ್ಸ್ ಅಂಗಡಿಯ ಕೆಲಸ, ಹಾಗಾಗಿ ಮಠದ ಅಂಗಳದಲ್ಲಿ ಫ್ಲಾಸ್ಕು ಹಿಡಿದು ಹನ್ನೊಂದು ದಿನ ಕುಳಿತವಳು ನಾನೇ.

ನಲವತ್ತು ಮಕ್ಕಳಲ್ಲಿ ಮಾತು ಸಿಕ್ಕಿದ್ದು ನಿನಗೊಬ್ಬಳಿಗೇ. ಮಂತ್ರಶಾಲೆಯ ದೀಪಗಳೆಲ್ಲ ಆರಿಹೋಗಿ ಮುಖ್ಯೋಪಾಧ್ಯಾಯಿನಿ ಮೆಟ್ಟಿಲ ಮೇಲೆ ನಿಂತು, ನೆಲಮಾಳಿಗೆಗೆ ಯಾರು ಹೋಗುತ್ತೀರಿ ಎಂದು ಕೇಳುತ್ತಾಳೆ. ದೊಡ್ಡವರೆಲ್ಲ ತಲೆ ತಗ್ಗಿಸುತ್ತಾರೆ. ಹಿಂದಿನ ಸಾಲಿನಿಂದ ಒಂದು ಪುಟ್ಟ ಹುಡುಗಿ ಮುಂದೆ ಬರುತ್ತಾಳೆ. "ನಾ ಹೋಗ್ತೀನ್ರಿ. ಕತ್ತಲಿ ಅಂದ್ರ ನನಗೇನ್ ಅಂಜಿಕಿ ಇಲ್ರಿ." ನಮ್ಮೂರಿನ ನಾಲಿಗೆಯಲ್ಲೇ ಹೇಳು ಅಂತ ನಿರ್ದೇಶಕರೇ ಹೇಳಿದ್ದರು. ನೀನು ಅದನ್ನು ಸ್ನಾನದ ತೊಟ್ಟಿಯಲ್ಲಿ, ಬಸ್ಸಿನಲ್ಲಿ, ಅಜ್ಜಿಯ ಕಿವಿಯಲ್ಲಿ, ಕಸದ ಲಾರಿಯವನಿಗೆ, ಎಲ್ಲರಿಗೂ ಹೇಳಿದೆ. ಅಪ್ಪ ಕತ್ತಲ ಗ್ಯಾರೇಜಿನಿಂದ ಏನಾದರೂ ತರಲು ಎದ್ದರೆ ಸಾಕು, "ನಾ ಹೋಗ್ತೀನ್ರಿ" ಅಂತ ಓಡುತ್ತಿದ್ದೆ.

ಮರುವರ್ಷ ಸಿನಿಮಾ ಬಂದಾಗ ನಾವು ಒಂದು ಸಾಲನ್ನೇ ಹಿಡಿದಿದ್ದೆವು. ಅಜ್ಜಿ ಟೋಪಿ ಹಾಕಿಕೊಂಡು ಬಂದಿದ್ದಳು. ಅಪ್ಪ ಬಸ್ಸಿನ ಪಾಳಿ ಬದಲಾಯಿಸಿಕೊಂಡಿದ್ದ. ಪರದೆಯ ಮೇಲೆ ನಿನ್ನ ಮುಖ ಬಂತು, ಮೂಗಿನ ಮೇಲಿನ ಮಚ್ಚೆ ಸಮೇತ, ನಮ್ಮ ಮನೆಯ ಬಾಗಿಲಷ್ಟು ದೊಡ್ಡದಾಗಿ. ಬಾಯಿ ತೆರೆಯಿತು. ಅರಮನೆಯಲ್ಲಿ ಬೆಳೆದ ಯಾವುದೋ ಹುಡುಗಿಯ ದನಿ ಹೊರಗೆ ಬಂತು: "ನಾನು ಹೋಗುತ್ತೇನೆ, ಮೇಡಂ. ಕತ್ತಲೆಯೆಂದರೆ ನನಗೆ ಭಯವಿಲ್ಲ." ಹಿಂದಿನ ಸಾಲಿನಲ್ಲಿ ನಿನ್ನ ತರಗತಿಯವರು ಬಿದ್ದು ಬಿದ್ದು ನಕ್ಕರು. "ಲೇ, ಬ್ರಯನಿ ಹೊಟ್ಯಾಗ ರಾಣಿ ಕುಂತಾಳಲೇ!" ಹೊರಗೆ ಬಂದಮೇಲೆ ನೀನು ಅಮ್ಮನ ಕೋಟು ಹಿಡಿದು ಕೇಳಿದ್ದು ಒಂದೇ ಮಾತು: "ನನ್ನ ದನಿ ಚಂದಿಲ್ಲೇನವಾ?" ಅಮ್ಮ "ಅವರಿಗೆ ನಮ್ಮ ಮಾತು ತಿಳಿಯಂಗಿಲ್ಲ ಬಿಡವಾ" ಅಂದಳು. ಅದಕ್ಕಿಂತ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ಮುಂದಿನ ಭಾನುವಾರದಿಂದ ನೀನು ಚರ್ಚಿನ ಹಾಡಿಗೆ ಹೋಗಲಿಲ್ಲ. ತರಗತಿಯಲ್ಲಿ ಗಟ್ಟಿಯಾಗಿ ಓದು ಅಂದರೆ ಎದ್ದು ನಿಂತು ಪುಸ್ತಕ ಮುಚ್ಚುತ್ತಿದ್ದೆ. ಹದಿನೆಂಟಕ್ಕೆ ಊರು ಬಿಟ್ಟೆ. ಈಗ ಮಾತಾಡುವವರೇ ಇಲ್ಲದ ಬಂಡೆಯ ಮೇಲೆ ಹಕ್ಕಿ ಎಣಿಸುತ್ತಿದ್ದೀಯ. ನಿನಗದು ಇಷ್ಟದ ಕೆಲಸವೆಂದು ನನಗೆ ಗೊತ್ತು. ಆದರೂ ಒಮ್ಮೊಮ್ಮೆ, ಅದಕ್ಕೇ ಹೋದೆಯೇನೋ ಅನ್ನಿಸುತ್ತದೆ.

ಆಮೇಲೆ ನಾನೂ ಆ ಸಿನಿಮಾ ನೋಡಿರಲಿಲ್ಲ. ಟಿವಿಯಲ್ಲಿ ಬಂದರೆ ಎದ್ದು ಹೋಗುತ್ತಿದ್ದೆ. ಮೊನ್ನೆ ಟಿಕೆಟ್ಟಿನ ಕೆಲಸ ಮುಗಿದ ಮೇಲೆ ಹಿಂದಿನ ಸಾಲಿನ ಮಡಿಸುವ ಕುರ್ಚಿಯಲ್ಲಿ ಕುಳಿತೆ. ಹದಿನಾರನೇ ವಯಸ್ಸಿಗೆ ಇದು ನನಗೆ ಬರೀ ಸಪ್ಪೆ ಅನ್ನಿಸಿತ್ತು. ಮೊದಲ ಭಾಗದ ಹಾಗೆ ಹಾರಾಟವಿಲ್ಲ, ಔತಣವಿಲ್ಲ. ಒಂದೊಂದೇ ದೀಪ ಆರುತ್ತದೆ, ಮಕ್ಕಳು ಪಿಸುಗುಟ್ಟುತ್ತಾರೆ, ಅಷ್ಟೇ. ಈಗ ನೋಡಿದರೆ ಎರಡರಲ್ಲಿ ಇದೇ ಒಳ್ಳೆಯದು ಬ್ರಯನಿ. ರಜೆ ಶುರುವಾಗಿ ಮಕ್ಕಳೆಲ್ಲ ಪೆಟ್ಟಿಗೆ ಎಳೆದುಕೊಂಡು ಹೊರಟುಹೋಗುತ್ತಾರಲ್ಲ, ಅಡುಗೆಯವಳೊಬ್ಬಳೇ ಆ ಉದ್ದನೆಯ ಊಟದ ಮನೆಯಲ್ಲಿ ಉಳಿಯುತ್ತಾಳೆ. ಅಭ್ಯಾಸಬಲದಿಂದ ಇನ್ನೂರು ತಟ್ಟೆಗಳಿಗೆ ಹಾರಿಬರುವ ಮಂತ್ರ ಹೇಳಿಬಿಡುತ್ತಾಳೆ. ಅವೆಲ್ಲ ಬಂದು ಸಾಲಾಗಿ ಕೂರುತ್ತವೆ. ಅವಳು ಒಂದರ ಮುಂದೆ ಕುಳಿತು ಸೂಪು ಕುಡಿಯುತ್ತಾಳೆ. ಆ ದೃಶ್ಯ ಇದ್ದದ್ದೇ ನನಗೆ ನೆನಪಿರಲಿಲ್ಲ. ಅಂದು ನಾನು ಬಹುಶಃ ಜೋಳದ ಅರಳು ತರಲು ಹೋಗಿದ್ದೆ. ಮೊನ್ನೆ ಮಾತ್ರ ಕತ್ತಲಿದ್ದದ್ದು ಒಳ್ಳೆಯದೇ ಆಯಿತು, ಕಣ್ಣೊರೆಸಿಕೊಂಡದ್ದು ಯಾರಿಗೂ ಕಾಣಲಿಲ್ಲ.

ನಿನ್ನ ದೃಶ್ಯ ಬಂದಾಗ ನಾನು ಕಿವಿ ಮುಚ್ಚಿಕೊಂಡೆ. ನಿನ್ನ ಮುಖ ಮಾತ್ರ ನೋಡಿದೆ. ದನಿ ತೆಗೆದಿಟ್ಟರೆ ಬ್ರಯನಿ, ನೀನು ಎಷ್ಟು ಧೈರ್ಯದಿಂದ ಆ ಹೆಜ್ಜೆ ಇಡುತ್ತೀಯ!

ಸಿನಿಮಾ ಮುಗಿದ ಮೇಲೆ ಸಗ್ಡನ್ ಮೈಕು ಹಿಡಿದು ನಿಲುವಂಗಿಯವರನ್ನೆಲ್ಲ ವೇದಿಕೆಗೆ ಕರೆದ. ಹತ್ತೊಂಬತ್ತು ಜನ ಹೋದರು. ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ಕೈಯಲ್ಲಿ ಕೂಸುಗಳು. ನಿನ್ನ ಹೆಸರು ಕೂಗಿದ. ಯಾರೂ ಏಳಲಿಲ್ಲ. "ಆಕಿ ಇಲ್ದಿದ್ರ ಆಕಿ ಅಕ್ಕನ್ನರ ಹತ್ತಸ್ರಿ!" ಅಂತ ಯಾರೋ ಅಂದರು, ನನ್ನನ್ನು ಎಬ್ಬಿಸಿ ಕಳಿಸಿಯೇಬಿಟ್ಟರು. "ಬಾಯಿ ನಮ್ಮೂರಿಂದು, ಮಾತು ಲಂಡನ್ನಿಂದು" ಅಂತ ಸಗ್ಡನ್ ಅಂದ, ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಹಳೆಯ ಗೆಳೆಯರ ನಗೆ. ಅಷ್ಟರಲ್ಲಿ ಮುಂದಿನ ಸಾಲಿನ ಒಂದು ಹುಡುಗಿ, ಏಳು ವರ್ಷವಿರಬಹುದು, ಕೈಯೆತ್ತಿ ನನ್ನನ್ನು ಕೇಳಿತು: "ಆಕಿ ಖರೇ ದನಿ ಹೆಂಗಿತ್ತು?" ನಿನ್ನ ಹಾಗೆ ಆ ಮಾತನ್ನು ಹೇಳಿ ತೋರಿಸೋಣ ಅಂತ ಬಾಯಿ ತೆರೆದೆ. ಬರಲಿಲ್ಲ ಕಣೇ. ಎಲ್ಲರೂ ಕಾಯುತ್ತಿದ್ದರು. "ಭಾಳ ಚಂದಿತ್ತು" ಅಂದು ಕೆಳಗಿಳಿದೆ.

ಹೊರಗೆ ಒಳ್ಳೆಯ ಬಿಸಿಲಿತ್ತು. ಎಲ್ಲರೂ ಗುಂಪುಗುಂಪಾಗಿ ಹೋಟೆಲಿಗೆ ಹೋದರು, ನನ್ನನ್ನೂ ಕರೆದರು. ಕುರ್ಚಿ ಮಡಿಸುವುದಿದೆ ಎಂದೆ. ಮಡಿಸಿ, ಗುಡಿಸಿ, ಬಾಗಿಲು ಹಾಕಿ ಹೊರಬಂದಾಗ ಬೀದಿಯಲ್ಲಿ ಯಾರೂ ಇರಲಿಲ್ಲ. ಸುಮ್ಮನೆ ಮಠದ ತನಕ ನಡೆದು ಬಂದೆ.

ಕಾಗದ ಉದ್ದವಾಯಿತು, ನಿನಗೆ ಎಣಿಸಲು ಹಕ್ಕಿಗಳಿವೆ. ಹೊತ್ತಿಗೆ ಸರಿಯಾಗಿ ತಿನ್ನು. ಒದ್ದೆ ಬೂಟು ಒಲೆಗೆ ಹತ್ತಿರ ಇಡಬೇಡ, ಚರ್ಮ ಬಿರಿಯುತ್ತದೆ. ದೋಣಿಯವನಿಗೂ ಅವನ ಹೆಂಡತಿಗೂ ನನ್ನ ನಮಸ್ಕಾರ ಹೇಳು. ಆ ಗಾಳಿ, ಆ ಸಮುದ್ರ, ಆ ಹಕ್ಕಿಗಳೆಲ್ಲ ಸೇರಿ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ಇಂತಿ ನಿನ್ನ ಅಕ್ಕ,
ಲಿನೆಟ್

ಮರೆತ ಮಾತು: ಮರೆತದ್ದಲ್ಲ, ಸುಳ್ಳು ಬರೆದೆ. ಲಕೋಟೆ ಅಂಟಿಸಿದ್ದೆ, ಒಡೆದು ಬರೆಯುತ್ತಿದ್ದೇನೆ. ಅಂದು ನಾನು ಕುರ್ಚಿ ಮಡಿಸುವಾಗ ಒಬ್ಬ ಹೆಂಗಸು ಬಂದಳು. ಹಿಲರಿ ಪೆಂಫೋಲ್ಡ್ ಅಂತೆ, ಆ ಸಿನಿಮಾದ ಧ್ವನಿಮುದ್ರಣದವಳು, ಈಗ ಪಕ್ಕದೂರಿಗೆ ಬಂದು ನೆಲೆಸಿದ್ದಾಳೆ. "ನಿಮ್ಮ ತಂಗಿಯ ದನಿ ನನಗೆ ಇವತ್ತಿಗೂ ನೆನಪಿದೆ. ಮಠದಲ್ಲಿ ಗಾಳಿ ಜಾಸ್ತಿ, ಆ ಮಾತು ಸರಿಯಾಗಿ ಮುದ್ರಣ ಆಗಿರಲಿಲ್ಲ. ಮತ್ತೆ ಹೇಳಿಸೋಣ ಅಂತ ಲಂಡನ್ನಿಗೆ ಕರೆದಿದ್ವಿ. ಅವಳದೇ ದನಿ ಬೇಕು ಅಂತ ನಿರ್ದೇಶಕರು ಎರಡು ದಿನ ಕಾದರು. ಪಾಪ, ಮಗುವಿಗೆ ಹುಷಾರಿರಲಿಲ್ಲವಂತೆ ಅಲ್ವಾ?" ಅಂದಳು. ನಾನು ಹೌದು ಅಂದೆ. ಈಗಲೂ ಹೌದು ಅಂದೆ ಬ್ರಯನಿ.

ನಿನಗೆ ಹುಷಾರಿತ್ತು. ಅವರ ಪತ್ರ ಅಮ್ಮನ ಹೆಸರಿಗೆ ಬಂದಿತ್ತು, ಒಳಗೆ ಇಬ್ಬರಿಗೆ ರೈಲಿನ ಟಿಕೆಟ್ಟು. ಅಮ್ಮ ಕೆಲಸಕ್ಕೆ ಹೋಗಿದ್ದಳು. ಒಡೆದು ಓದಿದವಳು ನಾನು, ಹರಿದವಳೂ ನಾನು. ಮರುದಿನ ಅವರು ಫೋನು ಮಾಡಿದಾಗ "ಆಕಿಗೆ ಮೈಯಾಗ ಆರಾಮಿಲ್ರಿ, ಬರಾಕ ಆಗಂಗಿಲ್ಲ" ಅಂದೆ. ನೀನು ಆಗ ಹಿತ್ತಲಲ್ಲಿ ಹಗ್ಗದಾಟ ಆಡುತ್ತಿದ್ದೆ. ಬೇರೆಯವರ ದನಿ ಹಾಕುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಆ ಮಾತನ್ನೇ ತೆಗೆದುಬಿಡುತ್ತಾರೆ, ಆಗ ನಾವಿಬ್ಬರೂ ಸಮ ಅಂದುಕೊಂಡೆ. ಅಷ್ಟೇ ಯೋಚನೆ ಮಾಡಿದ್ದು. ನೀನು ಅಮ್ಮನ ಕೋಟು ಹಿಡಿದು ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಇಪ್ಪತ್ತು ವರ್ಷವೂ ನಿಂತೇ ಇದ್ದೆ.

ಆ ಹೆಂಗಸು ಊರಿನಲ್ಲಿ ಯಾರಿಗಾದರೂ ಹೇಳಿಯಾಳು, ಅದು ಸುತ್ತಿ ನಿನ್ನ ಕಿವಿಗೆ ಬಿದ್ದೀತು ಅನ್ನುವ ಹೆದರಿಕೆಯಿಂದಲೇ ಬರೆದೆ ಅಂತ ನೀನು ಅಂದರೆ, ಅದೂ ನಿಜ. ಕ್ಷಮಿಸು ಅಂತ ಕೇಳುವುದಿಲ್ಲ. ನೀನು ಇನ್ನು ಕಾರ್ಡನ್ನೂ ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ. ಆದರೆ ಇಷ್ಟು ನಿನಗೆ ಗೊತ್ತಾಗಲೇಬೇಕು: ಅವರಿಗೆ ನಿನ್ನ ದನಿಯೇ ಬೇಕಾಗಿತ್ತು. ಕೆಟ್ಟದ್ದು ಗಾಳಿಯಿಂದ, ಆಮೇಲೆ ನನ್ನಿಂದ. ನಿನ್ನ ಗಂಟಲಲ್ಲಿ ಯಾವ ದೋಷವೂ ಇರಲಿಲ್ಲ. ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು, ಓಡುತ್ತೇನೆ. ಇನ್ನೊಮ್ಮೆ ಓದಿದರೆ ಇದನ್ನೂ ಹರಿದುಬಿಡುತ್ತೇನೆ.