ಕರಗಬೇಕಾದದ್ದು ಬೆಳೆಯಿತು

ಪ್ರೀತಿಯ ಅಕ್ಕ,

ಪಕ್ಕದ ಕೋಣೆಯಲ್ಲಿರುವವಳಿಗೆ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡ. ಎದುರು ಕೂತು ಮಾತಾಡಿದರೆ ಉತ್ತರ ಕೊಡದೆ ಬಿಡುವವಳಲ್ಲ ನೀನು, ಕೊಟ್ಟರೆ ಏದುಸಿರು.

ರೈಲು ನಿಲ್ದಾಣದ ಮೈಕಿನಲ್ಲಿ ಅಷ್ಟು ವರ್ಷ ಖಣಖಣ ಎನ್ನುತ್ತಿದ್ದ ನಿನ್ನ ದನಿ ಒಂದು ಬೆಳಿಗ್ಗೆ ಗಾಡಿಯ ಹೆಸರು ಹೇಳುತ್ತಿರುವಾಗಲೇ ನಿಂತುಹೋಯಿತು. ಶ್ವಾಸಕೋಶದ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ನನಗೆ ಒಳಗೊಳಗೇ ಧೈರ್ಯ ಬಂತು. ಪೈಪಿನಲ್ಲಿ ಕಟ್ಟಿಕೊಂಡದ್ದನ್ನು ಬಿಡಿಸುವುದೇ ನನ್ನ ಕಸುಬಲ್ಲವೇ! ರಕ್ತ ತೆಳುವಾಗುವ ಮಾತ್ರೆ ನುಂಗಿದರೆ ಕರಗಿಬಿಡುತ್ತದೆ ಎಂದು ನಂಬಿದೆ. ಆ ಮಾತ್ರೆಯಿಂದ ನಿನಗೆ ಹಲ್ಲುಜ್ಜಿದರೆ ರಕ್ತ, ಮೇಜಿನ ಅಂಚು ತಾಗಿದರೆ ಕೈಯೆಲ್ಲ ನೀಲಿ. ಆದರೂ ಅದು ಕರಗಲಿಲ್ಲ, ನೀನು ಕರಗಿದೆ.

"ಮಾತ್ರೆ ತಪ್ಪಿಸ್ತಿದ್ದೀರಾ?" ಎಂದು ಡಾಕ್ಟರು ಕೇಳಿದಾಗ ನೀನು, "ಇವನು ನಂಗೆ ಊಟ ಹಾಕೋದು ಮರೀಬೋದು, ಮಾತ್ರೆ ಮರೆಯಲ್ಲ" ಅಂದೆ.

ಕೊನೆಗೆ ಬಂದ ಹೊಸ ಡಾಕ್ಟರಮ್ಮ ಹಳೆಯ ಸ್ಕ್ಯಾನು, ಹೊಸ ಸ್ಕ್ಯಾನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಮಾತ್ರೆ ತಗೊಳ್ತಾ ಇದ್ರೆ ಹೆಪ್ಪು ಹೀಗೆ ಬೆಳೆಯಲ್ಲ. ಇದು ನಾಳದ ಗೋಡೆಯಿಂದಲೇ ಎದ್ದಿರೋ ಗಡ್ಡೆ ಇರ್ಬೇಕು. ತುಂಬಾ ಅಪರೂಪ" ಎಂದರು. ಚೂರು ತೆಗೆದು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಎಂದೇ ಆಯಿತು. ನೀನು ನನ್ನ ಕಡೆ ತಿರುಗಿ, "ನೋಡಿದ್ಯೇನೋ, ನಾನು ಅಪರೂಪದವಳು ಅಂತ ಈಗ್ಲಾದ್ರೂ ಯಾರೋ ಕಂಡುಹಿಡಿದ್ರು" ಅಂದೆ. ನನಗೆ ನಗು ಬರಲಿಲ್ಲ, ಅಕ್ಕ.

ಆಪರೇಷನ್ನಿನಲ್ಲಿ ಕೈಗೆ ಸಿಕ್ಕಷ್ಟು ತೆಗೆದರು. ಉಳಿದದ್ದು ಹೃದಯಕ್ಕೇ ಅಂಟಿಕೊಂಡಿದೆ, ಮುಟ್ಟುವ ಹಾಗಿಲ್ಲ ಎಂದು ನಮ್ಮಿಬ್ಬರ ಎದುರೇ ಹೇಳಿ ಮನೆಗೆ ಕಳಿಸಿದರು. ಮೊದಲಿನ ಡಾಕ್ಟರ ಮೇಲೆ ಹರಿಹಾಯಲು ಹೊರಟಿದ್ದೆ. "ಆ ಮೊದಲ ಸ್ಕ್ಯಾನ್ ಒಂದನ್ನೇ ನೋಡಿದ್ದಿದ್ರೆ ನಾನೂ ಹೆಪ್ಪು ಅಂತಲೇ ಹೇಳ್ತಿದ್ದೆ" ಎಂದರು ಡಾಕ್ಟರಮ್ಮ. ಅಲ್ಲಿಗೆ, ಬೈಯುವುದಕ್ಕೂ ಯಾರೂ ಉಳಿಯಲಿಲ್ಲ. ಸ್ಪ್ಯಾನರ್ ಹಿಡಿದು ಬದುಕಿದ ಕೈಗೆ ಈಗ ನಿನ್ನ ಬೆನ್ನಿನ ದಿಂಬು ಏರಿಸುವುದು, ಇಳಿಸುವುದು, ನಿನಗಾಗಿ ಮಾಡಲು ಇಷ್ಟೇ ಕೆಲಸ. ಅದೂ ಸರಿಯಾಗಿ ಬರುತ್ತಿಲ್ಲ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು. ಅದನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನೀನು "ನಾಟಕ ಸಾಕು, ತಟ್ಟೆ ತೊಳಿ ಹೋಗು" ಎನ್ನುತ್ತಿದ್ದೆ. ಈಗ ಹೇಳಿದ್ದೇನೆ. ತಟ್ಟೆಯನ್ನೂ ತೊಳೆದಿಟ್ಟಿದ್ದೇನೆ.

ಓದಿ ಮುಗಿಸಿದ ಮೇಲೆ ಕೂಗಬೇಡ, ಲೋಟದಿಂದ ಮಂಚ ತಟ್ಟು. ಇವತ್ತು ಕೆಲಸಕ್ಕೆ ಹೋಗಿಲ್ಲ, ಬಾಗಿಲ ಹೊರಗೇ ಕೂತಿದ್ದೇನೆ.

ಚಿಕ್ಕವನು ದೊಡ್ಡವರನ್ನು ಹರಸಬಾರದು ಅಂತಾರೆ. ಆದರೂ, ನಿನ್ನ ಮುಂದಿನ ಉಸಿರು ಸಲೀಸಾಗಿ ಬರಲಿ.

ನಿನ್ನ ತಮ್ಮ